ಮನೆಯೇ ಎಲ್ಲೆಯಾದಾಗ: ದೇಶಾವಕಾಶಿಕ ವ್ರತದ ಬೆಳಕಿನಲ್ಲಿ 14 ದಿನಗಳು

2020ರ ಮಾರ್ಚ್ 9ರಂದು ರಾಜ್ಯದಲ್ಲಿ ಮೊದಲ ಕೊರೊನಾ ಪ್ರಕರಣ ವರದಿಯಾಯಿತು. ಸೋಂಕಿತರು ಅಮೆರಿಕದಿಂದ ಬೆಂಗಳೂರಿಗೆ ಮರಳಿದವರು. ಅದರ ಮರುದಿನ ಕಲಬುರಗಿಯಲ್ಲಿ ಸೌದಿ ಅರೇಬಿಯಾದಿಂದ ಹಿಂದಿರುಗಿದ್ದ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಈ ಸೋಂಕಿನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಅದೆಂದು 12ರಂದು ತಿಳಿಯಿತು. ಅಲ್ಲಿಂದಾಚೆ ‘ವಿದೇಶದಿಂದ ಬಂದವರು’ ಎಂಬ ಮಾತಿಗೆ ನಮ್ಮ ಊರುಗಳಲ್ಲಿ ಹೊಸ ಅರ್ಥ ಹುಟ್ಟಿಕೊಂಡಿತು. ಅದಕ್ಕೆ ಒಂದು ತಿಂಗಳ ಹಿಂದೆ ಅದೇ ಮಾತು ಹೆಮ್ಮೆಯ ಮಾತಾಗಿತ್ತು. ಮಗ ದುಬೈಯಿಂದ ಬಂದಿದ್ದಾನೆ ಎಂದರೆ ಬೀದಿಗೆ ಬೀದಿಯೇ ಜಗಲಿಗೆ ಬಂದು ಕೂರುತ್ತಿತ್ತು. ಆಗ ಅದೇ ಮಗನ ಕೈಯ ಮೇಲೆ ಸರ್ಕಾರದ ಮುದ್ರೆ, ಮನೆಯ ಬಾಗಿಲಿಗೆ ಸೂಚನಾಪತ್ರ, ಒಳಗೆ 14 ದಿನಗಳ ಪ್ರತ್ಯೇಕವಾಸ.

ಮಾರ್ಚ್ 22ರ ನಡುರಾತ್ರಿಯಿಂದ ವಿದೇಶದ ಪ್ರಯಾಣಿಕ ವಿಮಾನಗಳು ಬರುವುದು ನಿಂತಿತು. ಹಾಗಾಗಿ ಕೊನೆಯ ವಿಮಾನದಲ್ಲಿ ಬಂದವರ 14 ದಿನಗಳು ಏಪ್ರಿಲ್ 5ಕ್ಕೆ ತುಂಬಿದವು. ಮರುದಿನವೇ ಮಹಾವೀರ ಜಯಂತಿ. ಬಸದಿಗಳಲ್ಲಿ ಮೆರವಣಿಗೆಯಿರಲಿಲ್ಲ, ಸಾಮೂಹಿಕ ಅಭಿಷೇಕವಿರಲಿಲ್ಲ. ಶ್ರಾವಕರು ತಮ್ಮ ತಮ್ಮ ಮನೆಗಳಲ್ಲೇ ಭಗವಂತನನ್ನು ಸ್ಮರಿಸಿದರು. ಒಬ್ಬರಿಗೆಂದು ವಿಧಿಸಿದ್ದ ಎಲ್ಲೆ ಅಷ್ಟು ಹೊತ್ತಿಗೆ ಎಲ್ಲರ ಎಲ್ಲೆಯಾಗಿತ್ತು. ಚಾಮರಾಜನಗರ ಜಿಲ್ಲೆಯಲ್ಲಿ 2020ರ ಏಪ್ರಿಲ್ ಆರಂಭದವರೆಗೂ ಒಂದು ಪ್ರಕರಣವೂ ವರದಿಯಾಗಿರಲಿಲ್ಲ. ಆದರೆ ಪಕ್ಕದ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಸುದ್ದಿ, ಗಡಿಯಾಚೆಯ ಕೇರಳ, ತಮಿಳುನಾಡುಗಳ ಸುದ್ದಿ ದಿನವೂ ಬರುತ್ತಿದ್ದಾಗ ಹರದನಹಳ್ಳಿಯಂಥ ಊರಿನವರು ನಿಶ್ಚಿಂತರಾಗಿ ಮಲಗುವಂತಿರಲಿಲ್ಲ. ವಿಮಾನಗಳು ಎಂದಾದರೊಂದು ದಿನ ಮತ್ತೆ ಹಾರಲಿದ್ದವು. ಕೊಲ್ಲಿ ದೇಶಗಳಲ್ಲಿ ಕೆಲಸ ಕಳೆದುಕೊಂಡವರು, ಓದಲು ಹೋಗಿ ಸಿಕ್ಕಿಕೊಂಡವರು ಬಂದೇ ಬರುವವರಿದ್ದರು. ಮೊದಲ ಸುತ್ತಿನ ಪ್ರತ್ಯೇಕವಾಸದಲ್ಲಿ ನಾವು ಕಂಡದ್ದೇನೆಂದು ಯೋಚಿಸಲು ಅದು ತಕ್ಕ ಹೊತ್ತಾಗಿತ್ತು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಮನೆಯೊಳಗೆ ಕುಳಿತ ಮಾತ್ರಕ್ಕೆ ಅದು ತಪಸ್ಸಾಗುವುದಿಲ್ಲ. ಆ ದಿನಗಳಲ್ಲಿ ಅಂಥ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಧಾರಾಳವಾಗಿ ಹರಿದಾಡುತ್ತಿದ್ದವು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನೂ ನೀರು ಸೋಸಿ ಕುಡಿಯುವುದನ್ನೂ ತೋರಿಸಿ, ಜೈನಾಚಾರ್ಯರು ಈ ರೋಗಾಣುವನ್ನು ಅಂದೇ ಬಲ್ಲವರಾಗಿದ್ದರು ಎಂದು ಬರೆಯುವವರೂ ಇದ್ದರು. ಧರ್ಮಕ್ಕೆ ಇಂಥ ಪ್ರಮಾಣಪತ್ರದ ಅಗತ್ಯವಿಲ್ಲ. ಬಾಯಿಗೆ ಬಟ್ಟೆ ಕಟ್ಟುವ ಮುನಿಗಳ ಉದ್ದೇಶ ತಮ್ಮ ಉಸಿರಿನಿಂದ ಕಿರುಜೀವಕ್ಕೆ ನೋವಾಗಬಾರದೆಂಬುದು. ನಮ್ಮದು ಬಹುಮಟ್ಟಿಗೆ ತಮಗೆ ರೋಗ ತಗಲಬಾರದೆಂಬ ಭಯ. ಹೊರಗಿನ ಕ್ರಿಯೆ ಒಂದೇ ಆದರೂ ಒಳಗಿನ ಭಾವ ಬೇರೆ. ಕರ್ಮವನ್ನು ಕುರಿತ ಜೈನ ವಿಚಾರವೆಲ್ಲ ನಿಂತಿರುವುದು ಈ ಭಾವದ ಮೇಲೆ.

ಈ ವ್ಯತ್ಯಾಸವನ್ನು ಆಚಾರ್ಯ ಪೂಜ್ಯಪಾದರು ಬಹಳ ನಿಷ್ಠುರವಾಗಿ ಗುರುತಿಸಿದ್ದಾರೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಪೂಜ್ಯಪಾದರ ನೆನಪಿನೊಡನೆ ಬೆಸೆದುಕೊಂಡ ಕ್ಷೇತ್ರ. ಈ ಸೀಮೆಯ ಶ್ರಾವಕರಿಗೆ ಅವರು ದೂರದವರಲ್ಲ. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ‘ಅಕಾಮನಿರ್ಜರಾ’ ಎಂಬ ಪದವನ್ನು ವಿವರಿಸುವಾಗ ಸೆರೆಮನೆಯಲ್ಲಿರುವವನ ಸ್ಥಿತಿಯನ್ನು ನೆನೆಯುತ್ತಾರೆ. ಸೆರೆಯಲ್ಲಿರುವವನು ಹಸಿವನ್ನು ತಡೆದುಕೊಳ್ಳುತ್ತಾನೆ, ಬಾಯಾರಿಕೆಯನ್ನು ಸಹಿಸುತ್ತಾನೆ, ನೆಲದ ಮೇಲೆ ಮಲಗುತ್ತಾನೆ. ನೋಡಲು ಇವೆಲ್ಲ ಮುನಿಯ ಚರ್ಯೆಯಂತೆಯೇ ಕಾಣುತ್ತವೆ. ಆದರೆ ಅವನು ಬಯಸಿ ಮಾಡಿದ್ದು ಒಂದೂ ಇಲ್ಲ. ಹಾಗೆಂದು ಆ ಸಹನೆ ಪೂರ್ತಿ ವ್ಯರ್ಥವೆಂದೂ ಶಾಸ್ತ್ರ ಹೇಳುವುದಿಲ್ಲ. ಅದಕ್ಕೂ ಒಂದಿಷ್ಟು ಫಲವುಂಟು, ಮೋಕ್ಷಮಾರ್ಗದ ಫಲ ಮಾತ್ರ ಅದಲ್ಲ. ಹೊರಗಿನಿಂದ ಹೇರಲ್ಪಟ್ಟ ಎಲ್ಲೆಯನ್ನು ಒಳಗಿನಿಂದ ಒಪ್ಪಿಕೊಂಡಾಗಲಷ್ಟೇ ಲೆಕ್ಕ ಬದಲಾಗುತ್ತದೆ. ಕೈಯ ಮೇಲಿನ ಮುದ್ರೆ ಅಳಿಸಿಹೋಗಲೆಂದು ಸಾಬೂನು ಹಾಕಿ ಉಜ್ಜುತ್ತ ಕುಳಿತವನೂ, ಈ 14 ದಿನ ನನ್ನಿಂದ ಯಾರಿಗೂ ಕೇಡಾಗದಿರಲಿ ಎಂದು ಕೋಣೆಯ ಬಾಗಿಲನ್ನು ತಾನಾಗಿಯೇ ಮುಂದೆ ಮಾಡಿಕೊಂಡವನೂ ಇರುವುದು ಒಂದೇ ಬಗೆಯ ಕೋಣೆಯಲ್ಲಿ. (ಆ ಮುದ್ರೆಗೆ ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯನ್ನು ಬಳಸಲು ಚುನಾವಣಾ ಆಯೋಗ ಒಪ್ಪಿಗೆ ಕೊಟ್ಟಿತ್ತು. ಆ ಮಸಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ಸಾಬೂನಿಗೆ ಅದು ಬಗ್ಗುವಂಥದಲ್ಲ.)

ಹಾಗಾದರೆ ಒಪ್ಪಿಕೊಂಡ ಎಲ್ಲೆಗೆ ಜೈನಧರ್ಮದಲ್ಲಿ ಹೆಸರಿದೆಯೇ? ಇದೆ, ಅದೂ ಮುನಿಗಳಿಗಲ್ಲ, ಮನೆಮಠವುಳ್ಳ ಗೃಹಸ್ಥರಿಗಾಗಿಯೇ ಹೇಳಿದ್ದು. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅಹಿಂಸೆ, ಸತ್ಯ ಮೊದಲಾದ ಐದು ಅಣುವ್ರತಗಳು ಎಲ್ಲರಿಗೂ ಗೊತ್ತು. ದಿಗ್ವ್ರತ, ದೇಶಾವಕಾಶಿಕಗಳು ಅಷ್ಟು ಬಳಕೆಯಲ್ಲಿಲ್ಲ. ದಿಗ್ವ್ರತವೆಂದರೆ ಇಂಥ ದಿಕ್ಕಿನಲ್ಲಿ ಇಂಥ ನದಿ, ಇಂಥ ಬೆಟ್ಟವನ್ನು ಮೀರಿ ಹೋಗೆನೆಂದು ಬದುಕಿನುದ್ದಕ್ಕೂ ಹಾಕಿಕೊಳ್ಳುವ ಎಲ್ಲೆ. ವ್ಯಾಪಾರಕ್ಕಾಗಿ ಕಡಲು ದಾಟುತ್ತಿದ್ದ ವಣಿಕರ ಸಮುದಾಯಕ್ಕೆ ಈ ವ್ರತವನ್ನು ಬೋಧಿಸಿದ್ದರು ಎಂಬುದನ್ನು ಗಮನಿಸಬೇಕು. ಆ ದೊಡ್ಡ ಎಲ್ಲೆಯನ್ನು ಕೆಲವು ಕಾಲಕ್ಕೆ ಇನ್ನಷ್ಟು ಕಿರಿದುಗೊಳಿಸುವುದೇ ದೇಶಾವಕಾಶಿಕ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಎಲ್ಲೆ ಮನೆಯಾಗಬಹುದು, ಗ್ರಾಮವಾಗಬಹುದು, ಹೊಲ, ಹೊಳೆ, ಕಾಡು ಆಗಬಹುದು ಎಂದಿದೆ. ಅವಧಿ ಒಂದು ವರ್ಷದಿಂದ ಹಿಡಿದು ಋತು, ತಿಂಗಳು, ಪಕ್ಷದವರೆಗೆ. ಮನೆಯನ್ನು ಎಲ್ಲೆಯಾಗಿಸಿಕೊಂಡು ಒಂದು ಪಕ್ಷ ಕಳೆಯುವುದು! ಆ 14 ದಿನಗಳಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಬೇರೆ ಬೇಕಿಲ್ಲ. ಹೋಲಿಕೆ ಅಷ್ಟೇ, ಎರಡರ ಗುರಿ ಬೇರೆ ಎಂಬುದನ್ನು ಮರೆಯದೆ ಮುಂದುವರಿಯೋಣ.

ಈ ವ್ರತದ ಅತಿಚಾರಗಳು, ಅಂದರೆ ಮುರಿಯದಂತೆ ತೋರುತ್ತಲೇ ವ್ರತವನ್ನು ಮುರಿಯುವ ಬಗೆಗಳು, ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು ಬರೆದಂಥವು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅವು ಐದು. ಎಲ್ಲೆಯಾಚೆಗೆ ತಾನು ಹೋಗದೆ ಅಲ್ಲಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ಬೇರೊಬ್ಬರನ್ನು ಅಲ್ಲಿಗೆ ಕಳಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಒಳಗಿನಿಂದಲೇ ಕೆಮ್ಮಿ, ಕೂಗಿ ಹೊರಗಿದ್ದವರ ಗಮನ ಸೆಳೆಯುವುದು ಶಬ್ದಾನುಪಾತ. ಕಿಟಕಿಯಲ್ಲಿ ಮುಖ ತೋರಿಸಿ ಕರೆಯುವುದು ರೂಪಾನುಪಾತ. ಕಲ್ಲು, ಮಣ್ಣುಹೆಂಟೆ ಎಸೆದು ಸೂಚನೆ ಕೊಡುವುದು ಪುದ್ಗಲಕ್ಷೇಪ. ನಾನು ಹೊಸ್ತಿಲು ದಾಟಿಲ್ಲ ಎಂದು ವಾದಿಸುವವನಿಗೆ ಆಚಾರ್ಯರ ಉತ್ತರ ಇದು: ನಿನ್ನ ಕಾಲು ಒಳಗಿದೆ, ನಿನ್ನ ಇಚ್ಛೆ ಬೀದಿಯಲ್ಲಿ ತಿರುಗುತ್ತಿದೆ.

ಹೋಂ ಕ್ವಾರಂಟೈನ್ ಸೋತ ಕಡೆಗಳಲ್ಲೆಲ್ಲ ಸೋತದ್ದು ಈ ದಾರಿಗಳಲ್ಲೇ. ತಾನು ಕೋಣೆ ಬಿಡದಿದ್ದರೂ ಗೆಳೆಯರನ್ನು ಕಿಟಕಿಯ ಬಳಿಗೆ ಕರೆಸಿಕೊಂಡವರಿದ್ದಾರೆ. ವಿದೇಶದಿಂದ ತಂದ ಚಾಕೊಲೇಟು, ಬಟ್ಟೆ, ಸುಗಂಧದ ಶೀಸೆಗಳನ್ನು ಮೊದಲ ದಿನವೇ ನಂಟರ ಮನೆಗಳಿಗೆ ಹಂಚಿಸಿದವರಿದ್ದಾರೆ. ತಮ್ಮನನ್ನು ಪೇಟೆಗೆ ಅಟ್ಟಿ, ಅವನು ಹತ್ತು ಮಂದಿಯ ನಡುವೆ ನಿಂತು ಬರುವಂತೆ ಮಾಡಿದವರಿದ್ದಾರೆ. ಪುದ್ಗಲಕ್ಷೇಪವನ್ನಂತೂ ಕೇಳುವುದೇ ಬೇಡ. ಪುದ್ಗಲವೆಂದರೆ ಜಡದ್ರವ್ಯ, ಸೀನಿದಾಗ ಹಾರುವ ಹನಿಗಿಂತ ದೊಡ್ಡ ಕಲ್ಲು ಆ ಹೊತ್ತಿನಲ್ಲಿ ಯಾವುದಿತ್ತು? ವಿನೋದದ ಸಂಗತಿಯೊಂದಿದೆ. 2020ರ ಮಾರ್ಚ್ 30ರಿಂದ ನಮ್ಮ ಸರ್ಕಾರ ಪ್ರತ್ಯೇಕವಾಸದಲ್ಲಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿ ಕಳಿಸಬೇಕೆಂದು ಕೇಳಿತ್ತು. ಪ್ರಾಚೀನರು ಅತಿಚಾರವೆಂದ ರೂಪಾನುಪಾತವನ್ನೇ ಇಂದಿನವರು ಕಾವಲಾಗಿ ಮಾಡಿಕೊಂಡಿದ್ದರು. ಆದರೆ ಸೆಲ್ಫಿ ತೋರಿಸುವುದು ಮುಖವನ್ನು. ಹಿಂದಿನ ನಿಮಿಷ ಕೋಣೆಗೆ ಯಾರು ಬಂದುಹೋದರು ಎಂಬುದನ್ನು ತೋರಿಸಲಾರದು. ಕಾವಲಿಗೆ ಒಂದು ಮಿತಿ ಇದ್ದೇ ಇದೆ, ಅದರಾಚೆಗೆ ಆ ಮನುಷ್ಯನ ಸಂಕಲ್ಪವೇ ಕಾಯಬೇಕು.

ಇಷ್ಟು ಹೇಳಿದ ಮೇಲೆ ಮನೆಯ ಮಾತಿಗೆ ಬರಬೇಕು, ಏಕೆಂದರೆ ಉಪದೇಶಗಳೆಲ್ಲ ಎಡವುವುದು ಅಲ್ಲಿಯೇ. ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ, ಪ್ರತ್ಯೇಕ ತಟ್ಟೆ ಎಂದು ಸೂಚನಾಪತ್ರ ಹೇಳುತ್ತಿತ್ತು. ಹಳ್ಳಿಯ ಸಾಮಾನ್ಯ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಬಚ್ಚಲು, ಬೀದಿಗೆ ಜಗಲಿ, ಹಿಂದೆ ದನದ ಕೊಟ್ಟಿಗೆ. ಅಜ್ಜಿ ಮಲಗುವುದು ನಡುಮನೆಯಲ್ಲೇ. ಇಲ್ಲಿ ‘ಪ್ರತ್ಯೇಕ’ ಎಂಬುದು ಎಲ್ಲಿದೆ? ಮಗನಿಗೆ ನಡುಮನೆಯನ್ನು ಬಿಟ್ಟುಕೊಟ್ಟು ಉಳಿದವರು ಅಡುಗೆಮನೆಯಲ್ಲಿ ಒತ್ತಿಕೊಂಡು ಮಲಗಬೇಕು, ಇಲ್ಲವೇ ಮಗನೇ ಕೊಟ್ಟಿಗೆಯ ಪಕ್ಕಕ್ಕೆ ಹೋಗಬೇಕು. ನೆರೆಯವರು ಬಂದು “ಮೊಗ ಬಂದದಂತಲ್ಲವ್ವಾ, ಬಾಗ್ಲಲ್ಲೇ ನೋಡ್ಕಂಡು ಹೋಯ್ತಿನಿ” ಎಂದಾಗ ಆ ತಾಯಿ ಏನೆನ್ನಬೇಕು? ಬಂದವರನ್ನು ಬೇಡವೆನ್ನುವುದು ನಮ್ಮ ಕಡೆಯವರ ನಾಲಗೆಗೆ ಬರುವ ಮಾತಲ್ಲ. ಮೂರು ವರ್ಷಗಳ ಮೇಲೆ ಬಂದ ಮಗನಿಗೆ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುವುದು ಅದಕ್ಕಿಂತ ಕಷ್ಟ. ಈ 14 ದಿನಗಳ ಕಥೆಯಲ್ಲಿ ಒಳಗೆ ಕುಳಿತವನ ಬೇಸರದ ಬಗ್ಗೆ ಬೇಕಾದಷ್ಟು ಬರೆದದ್ದಾಗಿದೆ. ಅವನ ಪಾತ್ರೆ ತೊಳೆದವರು, ಬಟ್ಟೆಯನ್ನು ಬೇರೆಯಾಗಿ ಕುದಿಸಿದವರು, ಅಜ್ಜಿಯನ್ನು ದೂರವಿಟ್ಟವರು ಯಾರೆಂಬುದನ್ನು ಯಾರೂ ಬರೆದಿಲ್ಲ.

ಜೈನಶಾಸ್ತ್ರ ಇವರ ಕೆಲಸಕ್ಕೆ ವೈಯಾವೃತ್ತ್ಯ ಎನ್ನುತ್ತದೆ, ಮತ್ತು ಅದನ್ನು ಎಣಿಸುವುದು ಎಲ್ಲಿ ಎಂಬುದು ಕುತೂಹಲಕರ. ಹನ್ನೆರಡು ತಪಸ್ಸುಗಳಲ್ಲಿ ಉಪವಾಸವೂ, ಏಕಾಂತದಲ್ಲಿ ಮಲಗಿ ಕೂರುವ ವಿವಿಕ್ತಶಯ್ಯಾಸನವೂ ಬಾಹ್ಯತಪಸ್ಸುಗಳು. ರೋಗಿಯ, ಬಳಲಿದವರ ಸೇವೆಯಾದ ವೈಯಾವೃತ್ತ್ಯವಾದರೋ ಧ್ಯಾನ, ಸ್ವಾಧ್ಯಾಯಗಳ ಸಾಲಿನಲ್ಲಿ ಅಂತರಂಗದ ತಪಸ್ಸು. ಕೋಣೆಯಲ್ಲಿ ಒಬ್ಬನೇ ಕುಳಿತವನದು ಹೊರಗಿನ ತಪಸ್ಸಾದರೆ, ಹೊಸ್ತಿಲಾಚೆ ಗಂಜಿಯಿಟ್ಟು ಹೋಗುವವಳದು ಒಳಗಿನದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಗೆ ಉದ್ದಾಯನ ರಾಜನ ಕಥೆಯನ್ನು ಹೇಳುತ್ತಾರೆ. ರೋಗಪೀಡಿತ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ರಾಜನ ಮೈಮೇಲೆ ಕಾರಿಕೊಂಡರೂ ಅವನು ಹೇಸಲಿಲ್ಲ. ನಾನಿತ್ತ ಆಹಾರವೇ ಸರಿಹೋಗಲಿಲ್ಲವೇನೋ ಎಂದು ನೊಂದ. ರೋಗಿಯಿಂದ ಮೂರಡಿ ದೂರ ನಿಲ್ಲುವುದಕ್ಕೂ ರೋಗಿಯನ್ನು ಕಂಡು ಹೇಸುವುದಕ್ಕೂ ಇರುವ ಅಂತರವನ್ನು ಈ ಕಥೆಯಿಂದ ಅರಿಯಬಹುದು. ಮೊದಲನೆಯದು ವಿವೇಕ. ಎರಡನೆಯದು ದರ್ಶನದ ದೋಷ.

ಆ ದೋಷ ನಮ್ಮ ಬೀದಿಗಳಲ್ಲಿ ಹೇಗೆ ಹಬ್ಬಿತೆಂಬುದನ್ನು ಆ ಕೆಲವು ವಾರಗಳಲ್ಲಿ ಕಂಡೆವು. ಪ್ರತ್ಯೇಕವಾಸದಲ್ಲಿರುವವರ ವಿಳಾಸಗಳ ಪಟ್ಟಿ ಹೊರಬಿದ್ದದ್ದೇ ತಡ, ಅದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತಿತು. ರೋಗವಿದೆಯೆಂದು ಯಾವ ವೈದ್ಯರೂ ಹೇಳದವರ ಮನೆಗೆ ಹಾಲು ಹಾಕುವವರು ಬರಲಿಲ್ಲ. ಅವಧಿ ಮುಗಿದ ಮೇಲೂ ಬೀದಿಯವರು ಬಾಗಿಲಿನತ್ತ ಬೆರಳು ಮಾಡುವುದು ನಿಲ್ಲಲಿಲ್ಲ. ಉಪಗೂಹನವೆಂಬುದು ಅದೇ ಎಂಟು ಅಂಗಗಳಲ್ಲಿ ಒಂದು: ಇನ್ನೊಬ್ಬರ ಕುಂದನ್ನು ಬೀದಿಗೆಳೆಯದೆ ಮುಚ್ಚುವ ಗುಣ. ಕಾಯಿಲೆ ಕುಂದೂ ಅಲ್ಲ. ಕಾಯಿಲೆ ಬರಬಹುದೆಂಬ ಅನುಮಾನವಂತೂ ಅಲ್ಲವೇ ಅಲ್ಲ. ಅಧಿಕಾರಿಗೆ ಬೇಕಾದ ಪಟ್ಟಿ ಅಧಿಕಾರಿಯ ಬಳಿಯೇ ಇದ್ದಿದ್ದರೆ ಚೆನ್ನಾಗಿತ್ತು ಎಂಬುದು ಈ ಲೇಖಕನ ಅಭಿಪ್ರಾಯ. ಹೆದರಿದ ಊರು ಸುಳ್ಳನ್ನು ಹುಟ್ಟಿಸುತ್ತದೆ. ಬಹಿಷ್ಕಾರಕ್ಕೆ ಅಂಜಿ ಮುಂದೆ ಬರುವವರು ತಾವು ಬಂದ ದಾರಿಯನ್ನೇ ಮರೆಮಾಚುತ್ತಾರೆ.

ಮರೆಮಾಚುವುದು ಉಪಗೂಹನವಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಪರರ ದೋಷವನ್ನು ಮುಚ್ಚೆಂದ ಆಚಾರ್ಯರೇ ತನ್ನ ದೋಷವನ್ನು ಗುರುವಿನ ಮುಂದೆ ಪೂರ್ತಿ ತೆರೆದಿಡು ಎಂದಿದ್ದಾರೆ, ಅದು ಆಲೋಚನಾ. ಅದರಲ್ಲಿ ಸಂಭವಿಸುವ ಹತ್ತು ದೋಷಗಳನ್ನು ಎಣಿಸಿದ್ದಾರೆ. ಗುರುವಿನ ಕನಿಕರ ಗಳಿಸಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವುದು ಒಂದು. ಬೇರೆಯವರು ಕಂಡದ್ದನ್ನಷ್ಟೇ ಒಪ್ಪಿಕೊಂಡು ಕಾಣದ್ದನ್ನು ಬಿಡುವುದು ಇನ್ನೊಂದು. ದೊಡ್ಡದನ್ನು ಹೇಳಿ ಚಿಕ್ಕದನ್ನು ಬಚ್ಚಿಡುವುದು, ಚಿಕ್ಕದನ್ನು ಹೇಳಿ ದೊಡ್ಡದನ್ನು ನುಂಗುವುದು, ಗದ್ದಲದ ನಡುವೆ ಗುರುವಿಗೆ ಸರಿಯಾಗಿ ಕೇಳದಂತೆ ಹೇಳಿ ಮುಗಿಸುವುದು. ಆಶಾ ಕಾರ್ಯಕರ್ತೆ ಪುಸ್ತಕ ಹಿಡಿದು ಜಗಲಿಯಲ್ಲಿ ನಿಂತು “ಎಲ್ಲಿಂದ ಬಂದಿರಿ, ದಾರಿಯಲ್ಲಿ ಯಾರ ಮನೆಯಲ್ಲಿ ಇಳಿದಿರಿ” ಎಂದು ಕೇಳುವಾಗ ಈ ಹತ್ತೂ ದೋಷಗಳು ನಮ್ಮ ಉತ್ತರದಲ್ಲಿ ಇಣುಕುತ್ತವೆ. ದುಬೈ ಎಂದವರು ನಡುವೆ ಬೆಂಗಳೂರಿನ ಮದುವೆಗೆ ಹೋದದ್ದನ್ನು ಹೇಳಿರುವುದಿಲ್ಲ. ಕೆಮ್ಮು ಎಂದವರು ಜ್ವರದ ಮಾತ್ರೆ ನುಂಗಿದ್ದನ್ನು ಹೇಳಿರುವುದಿಲ್ಲ. ಪ್ರಮಾದದಿಂದ ಪ್ರಾಣಕ್ಕೆ ಘಾತವಾಗುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರ ಹಿಂಸೆಯನ್ನು ನಿರೂಪಿಸುತ್ತದೆ. ಕೊಲ್ಲುವ ಉದ್ದೇಶವಿರಬೇಕೆಂದಿಲ್ಲ, ಎಚ್ಚರ ತಪ್ಪಿದರೆ ಸಾಕು.

ರೋಗದಿಂದಾಗಿ ತನ್ನವರಿಂದ ದೂರ ಸರಿಯಬೇಕಾದ ಸಂಕಟ ಸಮಂತಭದ್ರರಿಗೂ ಬಂದಿತ್ತೆಂದು ಪರಂಪರೆ ಹೇಳುತ್ತದೆ. ಆ ಕಥೆಯನ್ನು ನಮಗೆ ಕನ್ನಡದಲ್ಲಿ ಉಳಿಸಿಕೊಟ್ಟವನು ಇದೇ ಕನಕಗಿರಿಯ ದೇವಚಂದ್ರ, ಹತ್ತೊಂಬತ್ತನೆಯ ಶತಮಾನದ ತನ್ನ ರಾಜಾವಳಿ ಕಥೆಯಲ್ಲಿ. ಎಷ್ಟು ಉಂಡರೂ ಬೂದಿಯಾಗಿಸುವ ಭಸ್ಮಕವೆಂಬ ವ್ಯಾಧಿ ಅವರನ್ನು ಹಿಡಿಯಿತು. ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ: ಮುನಿವೇಷವನ್ನು ಸದ್ಯಕ್ಕೆ ಬಿಟ್ಟು ಹೋಗಿ ವ್ಯಾಧಿಯನ್ನು ಕಳೆದುಕೊಂಡು ಮರಳಿ ಬಾ ಎಂದರು. ಅವರು ಸಂಘವನ್ನು ತೊರೆದರು, ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆದರು. ಸಂಘ ಅವರನ್ನು ಮರಳಿ ಸ್ವೀಕರಿಸಿತು ಎಂಬುದನ್ನೇ ನಾವು ಈ ಕಥೆಯಲ್ಲಿ ಗಮನಿಸುವುದಿಲ್ಲ. ಹೋದವರನ್ನು ನೆನಪಿಟ್ಟುಕೊಂಡು ಕಾಯುವವರಿದ್ದರೆ ಮಾತ್ರ ದೂರ ಸರಿಯುವುದು ಸಾಧ್ಯವಾಗುತ್ತದೆ.

ಒಳಗೆ ಕುಳಿತವರ ಮನಸ್ಸಿನ ವಿಚಾರ ಉಳಿಯಿತು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವಭಾವನೆಯನ್ನು ಆ ಹೊತ್ತಿನಲ್ಲಿ ಚಿಂತಿಸಿರೆಂದು ಹಲವರು ಹೇಳುತ್ತಿದ್ದರು: ಜೀವ ಒಂಟಿಯಾಗಿ ಹುಟ್ಟುತ್ತದೆ, ಒಂಟಿಯಾಗಿ ಸಾಯುತ್ತದೆ, ತನ್ನ ಕರ್ಮಫಲವನ್ನು ಒಂಟಿಯಾಗಿಯೇ ಉಣ್ಣುತ್ತದೆ. ಸತ್ಯವೇ. ಆದರೆ ಕೆಲಸ ಕಳೆದುಕೊಂಡು, ಸಾಲ ಹೊತ್ತು ಬಂದು, ಹೊಸ್ತಿಲಾಚೆ ಮಗು ಅಳುವುದನ್ನು ಕೇಳುತ್ತ ಕುಳಿತವನಿಗೆ ಮೊದಲ ದಿನವೇ ಇದನ್ನು ಹೇಳಿದರೆ ಅದು ಔಷಧವಾಗದೆ ಗಾಯವಾದೀತು. ಅವನನ್ನು ಹಿಡಿದಿರುವುದು ಆರ್ತಧ್ಯಾನ. ಇಷ್ಟವಾದವರಿಂದ ದೂರವಾದ ನೋವು, ಒಲ್ಲದ್ದು ಮೇಲೆ ಬಿದ್ದ ನೋವು, ಬೇನೆಯ ಅಂಜಿಕೆ, ಮುಂದೇನೆಂಬ ಹಂಬಲ. ಶಾಸ್ತ್ರ ಹೇಳುವ ನಾಲ್ಕು ಬಗೆಯೂ ಒಟ್ಟಿಗೆ ಬಂದಿವೆ. ಇದಕ್ಕೆ ಸಾಮಾಯಿಕವೇ ಹೆಚ್ಚು ಉಪಯುಕ್ತ. 48 ನಿಮಿಷಗಳ ಒಂದು ಮುಹೂರ್ತ, ದಿನಕ್ಕೆ ಎರಡೋ ಮೂರೋ ಬಾರಿ, ಫೋನನ್ನು ಬದಿಗಿಟ್ಟು, ಇಷ್ಟು ಹೊತ್ತು ರಾಗವನ್ನೂ ದ್ವೇಷವನ್ನೂ ಮುಟ್ಟೆನೆಂದು ಕುಳಿತುಕೊಳ್ಳುವುದು. ಇಡೀ ದಿನವನ್ನು ಗೆಲ್ಲಬೇಕಿಲ್ಲ, ಆ ಮುಹೂರ್ತವನ್ನು ದಾಟಿದರೆ ಆಯಿತು. ಉಳಿದ ಹೊತ್ತಿನಲ್ಲಿ ಮನೆಯವರೊಡನೆ ಬಾಗಿಲ ಮರೆಯಿಂದ ಮಾತಾಡಲಿ, ನಗಲಿ, ಓದಲಿ. ನಿದ್ದೆ ಬಾರದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಸಿದರೆ ಜಪಮಣಿಯೊಂದನ್ನೇ ನೆಚ್ಚಬಾರದು. 104ರ ಆರೋಗ್ಯ ಸಹಾಯವಾಣಿಗೆ ಕರೆ ಮಾಡಬೇಕು, ನಿಮ್ಹಾನ್ಸ್ ಕೂಡ 2020ರಲ್ಲಿ ಇದಕ್ಕಾಗಿಯೇ ಸಹಾಯವಾಣಿ ತೆರೆದಿತ್ತು. ವ್ಯಾಧಿಯನ್ನು ಕಳೆದುಕೊಂಡು ಬಾ ಎಂದ ಗುರುವಿನ ಕಥೆಯನ್ನು ಈಗಷ್ಟೇ ನೆನೆದೆವಲ್ಲ.

ಹರದನಹಳ್ಳಿ ದೂರ ಹೋಗಿ ಬಂದವರನ್ನು ಅರಿಯದ ಊರಲ್ಲ. ಹಳೆಯ ಕನ್ನಡದಲ್ಲಿ ಹರದನೆಂದರೆ ವ್ಯಾಪಾರಿ. ಊರಿನ ಹೆಸರಿನಲ್ಲೇ ಸರಕು ಹೊತ್ತು ನಾಡು ತಿರುಗಿದವರ ನೆನಪು ಇದೆಯೆಂದು ಎಣಿಸಬಹುದು. ಏಕಾಂತವನ್ನೂ ಈ ಊರು ಬಲ್ಲದು. ಇಲ್ಲಿ ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿದ್ದ ಸಿದ್ಧಲಿಂಗ ಯತಿಗಳು ಮುಂದೆ ಕಗ್ಗೆರೆಯ ತೋಟವೊಂದರಲ್ಲಿ ವರ್ಷಗಟ್ಟಲೆ ತಪಸ್ಸಿಗೆ ಕುಳಿತು ‘ತೋಂಟದ’ ಸಿದ್ಧಲಿಂಗರಾದರು. ಮತ ಬೇರೆಯಾದರೂ, ಕುಳಿತಲ್ಲೇ ಕುಳಿತು ಲೋಕಕ್ಕೆ ಹತ್ತಿರವಾದವರ ನೆನಪು ಜೈನರಿಗೂ ಬೇಕಾದುದೇ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಂದು ಇಡೀ ಊರೇ ಹೊರಗೆ ಹೋಯಿತು, 2020ರಲ್ಲಿ ಬಂದವನೊಬ್ಬನನ್ನು ಒಳಗಿಡಲು ಜಾಗ ಹುಡುಕುತ್ತಿದ್ದೆವು.

ಆ ಜಾಗವನ್ನು ವಿಮಾನ ಬರುವ ಮೊದಲೇ ಹುಡುಕುವುದು ಒಳ್ಳೆಯದಾಗಿತ್ತು. ಶಾಲೆಗಳಿಗೆ ಹೇಗೂ ರಜೆಯಿತ್ತು. ವಿದ್ಯಾರ್ಥಿನಿಲಯಗಳು ಖಾಲಿ ಬಿದ್ದಿದ್ದವು. ಕ್ಷೇತ್ರಗಳ ಯಾತ್ರಿನಿವಾಸಗಳಲ್ಲಿ ಯಾತ್ರಿಕರಿರಲಿಲ್ಲ. ಒಂದೇ ಬಚ್ಚಲಿನ ಮನೆಯವರಿಗೆಂದು ಇವುಗಳಲ್ಲಿ ಕೆಲವು ಕೋಣೆಗಳನ್ನು ಆಗಲೇ ಗುರುತಿಸಿ ಸುಣ್ಣ ಬಳಿದು, ನೀರು ದೀಪಗಳ ಏರ್ಪಾಡು ಮಾಡಿಡುವಂತೆ ಪಂಚಾಯಿತಿಯನ್ನು ಕೇಳಬಹುದಿತ್ತು. ಎರಡು ಹೊತ್ತಿನ ಊಟವನ್ನು ಸರದಿಯ ಮೇಲೆ ಕಳಿಸಲು ಪ್ರತಿ ಊರಿನಲ್ಲೂ ನಾಲ್ಕು ಮನೆಗಳು ಸಿಕ್ಕಿದ್ದರೂ ಸಾಕಿತ್ತು. ಬಸದಿಯ ಸಮಿತಿಗಳು ಜಯಂತಿಯ ಮೆರವಣಿಗೆಗೆಂದು ಎತ್ತಿಟ್ಟಿದ್ದ ಹಣ ಆ ವರ್ಷ ಹಾಗೆಯೇ ಉಳಿದಿತ್ತು.